ಅಹಮದಾಬಾದಿನ ಚಣಿಯಾ ಚೋಳಿ, ನಮ್ಮೂರಿನ ಕೊಪ್ಪೆ

ನನ್ನ ತಂಗಿಯ ಮಗಳು ಕೊಡಗಿನ ಸೋಮವಾರಪೇಟೆಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಕಳೆದ ಮಳೆಗಾಲದಲ್ಲಿ ಅವಳು ಹೊಸ ರೇನ್‌ಕೋಟಿನ ಬೆನ್ನು ಸೀಳಿಬಿಟ್ಟಳು. ಮನೆಯಲ್ಲಿ ದೊಡ್ಡ ಗಲಾಟೆ. ದುಡ್ಡು ಕೊಟ್ಟು ತಂದದ್ದನ್ನು ಕತ್ತರಿಸುತ್ತಾರಾ ಯಾರಾದರೂ, ಅಂತ ತಂಗಿ ನನಗೆ ಫೋನ್ ಮಾಡಿ ಅತ್ತಳು. ಆಮೇಲೆ ಹುಡುಗಿಯೇ ಫೋನ್ ಕಸಿದುಕೊಂಡು ವಿಷಯ ಹೇಳಿದಳು. ಬ್ಯಾಗ್ ಹಾಕಿಕೊಂಡು ಮೇಲೆ ರೇನ್‌ಕೋಟ್ ಹಾಕಿದರೆ ಹಿಂದೆ ಗೂನು ಬೆನ್ನಾಗುತ್ತದೆ, ಮುಂದೆ ಬಟನ್ ಕೂರುವುದಿಲ್ಲ, ಕೋಟು ಮೇಲಕ್ಕೆ ಎಳೆದುಕೊಂಡು ಮಂಡಿ ತನಕ ಒದ್ದೆ. ಅದಕ್ಕೆ ಬೆನ್ನು ಸೀಳಿ, ಮುರಿದ ಕೊಡೆಯ ಬಟ್ಟೆಯನ್ನು ಮಡಿಕೆ ಮಾಡಿ ನಡುವೆ ಸೇರಿಸಿದ್ದಾಳೆ. ಬ್ಯಾಗ್ ಇದ್ದಾಗ ಮಡಿಕೆ ಬಿಚ್ಚಿಕೊಳ್ಳುತ್ತದೆ, ಇಲ್ಲದಾಗ ಮಡಚಿಕೊಳ್ಳುತ್ತದೆ.

ಸೂಜಿ ಚುಚ್ಚಿದ ತೂತುಗಳಲ್ಲಿ ನೀರು ಸೋರಿತಂತೆ. ಹೊಲಿಗೆ ಉದ್ದಕ್ಕೂ ಮೇಣದ ಬತ್ತಿ ಉಜ್ಜಿದ್ದಾಳೆ. ಯಾರೂ ಹೇಳಿಕೊಟ್ಟದ್ದಲ್ಲ. ಕಾರ್ಖಾನೆಗಳಲ್ಲಿ ಮಳೆ ಬಟ್ಟೆಯ ಹೊಲಿಗೆ ಮೇಲೆ ಒಳಗಿನಿಂದ ಟೇಪ್ ಅಂಟಿಸಿ ಬಿಸಿ ಮಾಡಿ ತೂತು ಮುಚ್ಚುತ್ತಾರೆ. ಆ ಸಮಸ್ಯೆ ಏನು ಅಂತ ಈ ಹುಡುಗಿಗೆ ತಾನಾಗಿಯೇ ಹೊಳೆದಿತ್ತು, ಪರಿಹಾರವನ್ನೂ ಅಡುಗೆಮನೆಯಲ್ಲೇ ಹುಡುಕಿದ್ದಳು.

ಆ ಕೋಟು ಹಾಕಿಕೊಂಡು ಕಾಲೇಜಿಗೆ ಹೋದಾಗ ಒಬ್ಬರು ಲೆಕ್ಚರರ್ ಎಲ್ಲರ ಮುಂದೆ ಕೇಳಿದರಂತೆ, "ಟೈಲರ್ ಆಗೋಕೆ ಸೈನ್ಸ್ ಯಾಕಮ್ಮ ತಗೊಂಡೆ?" ಅವಳು ಇದನ್ನು ಹೇಳುವಾಗ ದನಿ ಇಳಿದು ಹೋಗಿತ್ತು. ನನಗೆ ಅವತ್ತಿಡೀ ಹೊಟ್ಟೆ ಉರಿಯಿತು, ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಅಹಮದಾಬಾದಿನಲ್ಲಿ ಇದ್ದೇನೆ. ಇಲ್ಲಿ ಹದಿಹರೆಯದವರು ಬಟ್ಟೆಯ ಬಗ್ಗೆ ಮಾತಾಡಿದರೆ ಯಾರೂ ಮೂಗು ಮುರಿಯುವುದಿಲ್ಲ. ನವರಾತ್ರಿಗೆ ಒಂದೆರಡು ತಿಂಗಳು ಇರುವಾಗಲೇ ನಮ್ಮ ಅಪಾರ್ಟ್‌ಮೆಂಟಿನ ಹುಡುಗಿಯರು ಲಾ ಗಾರ್ಡನ್ ಬೀದಿಗೆ ಹೋಗಿ ಚಣಿಯಾ ಚೋಳಿ ಅನ್ನುವ ಲಂಗ ರವಿಕೆ ನೋಡಿ ಬರುತ್ತಾರೆ. ಕನ್ನಡಿ ಚೂರು, ಕಸೂತಿ ಪಟ್ಟಿ ಬಿಡಿಯಾಗಿ ತಂದು ಅಮ್ಮನ ಹಳೇ ಸೀರೆಗೆ ಹೊಲಿಯುವವರೂ ಇದ್ದಾರೆ. ಹುಡುಗರು ಕೇಡಿಯು ಅನ್ನುವ ನೆರಿಗೆ ಅಂಗಿ ಹಾಕುತ್ತಾರೆ. ಅದರ ಕೆಳಗೆ ಜೀನ್ಸ್, ಸ್ಪೋರ್ಟ್ಸ್ ಶೂ. ಗಂಟೆಗಟ್ಟಲೆ ಗರ್ಬಾ ಕುಣಿಯಬೇಕಲ್ಲ, ಚಪ್ಪಲಿ ಆಗುವುದಿಲ್ಲ. ಅಜ್ಜಿಯರೂ ಅದನ್ನು ನೋಡಿ ಸುಮ್ನೆ ಇರುತ್ತಾರೆ, ಕನ್ನಡಿ ಹೇಗೆ ಕೂರಿಸಬೇಕು ಅಂತ ಅವರೇ ತೋರಿಸಿಕೊಡುತ್ತಾರೆ. ಪಾಲ್ಡಿಯಲ್ಲಿ ನದಿ ಪಕ್ಕ 1961ರಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ, ಇದೆ. ಇಲ್ಲಿನ ಮಕ್ಕಳಿಗೆ ಅದು ದಿನಾ ದಾರಿಯಲ್ಲಿ ಸಿಗುವ ಗೇಟು. "ಅಲ್ಲಿ ಏನು ಕಲಿಸುತ್ತಾರೆ?" ಅಂತ ಐದನೇ ಕ್ಲಾಸಿನವರೂ ಕೇಳುತ್ತಾರೆ. ನಮ್ಮ ಕೊಡಗಿಗೆ ಇನ್ನೂ ರೈಲೇ ಬಂದಿಲ್ಲ, ಅಂಥ ಗೇಟು ನೋಡಲು ಮಕ್ಕಳು ಬೆಂಗಳೂರಿಗೆ ಹೋಗಬೇಕು.

ಹಾಗಂತ ಕೊಡಗಿನಲ್ಲಿ ಬಟ್ಟೆಯ ಪ್ರೀತಿ ಕಡಿಮೆಯಾ? ಖಂಡಿತ ಇಲ್ಲ. ಕೈಲ್ಪೊಳ್ದ್, ಪುತ್ತರಿ ಹಬ್ಬ ಬಂದರೆ ನನ್ನ ಕೊಡವ ಗೆಳೆಯರ ಮನೆಯಲ್ಲಿ ಹದಿನೈದರ ಹುಡುಗನೂ ಕುಪ್ಯ ಅನ್ನುವ ಕಪ್ಪು ನಿಲುವಂಗಿ ತೊಟ್ಟು, ಚೇಲೆ ಅನ್ನುವ ಕೆಂಪು ಸೊಂಟಪಟ್ಟಿ ಬಿಗಿದು, ಪೀಚೆಕತ್ತಿ ಸಿಕ್ಕಿಸಿ ನಿಂತರೆ ನೋಡಲು ಎರಡು ಕಣ್ಣು ಸಾಲದು. ಅದರಲ್ಲಿ ನನಗೆ ಇಷ್ಟವಾದದ್ದು ಇನ್ನೊಂದಿದೆ. ಎಷ್ಟೋ ಕಡೆ ಆ ಕುಪ್ಯ ಅಜ್ಜನದು. ಭುಜ ಸ್ವಲ್ಪ ಒಳಗೆ ತೆಗೆದು, ತೋಳು ಮಡಚಿ ಹೊಲಿದು ಮೊಮ್ಮಗನಿಗೆ ಹಾಕಿರುತ್ತಾರೆ. ಇಲ್ಲಿ ಅಹಮದಾಬಾದಿನಲ್ಲಿ ನವರಾತ್ರಿಯ ಒಂಬತ್ತು ರಾತ್ರಿಗೆ ಒಂಬತ್ತು ಬಟ್ಟೆ ಬೇಕು ಅನ್ನುವ ಹಟ ಜಾಸ್ತಿಯಾಗಿದೆ, ಬಾಡಿಗೆಗೆ ತರುವುದೂ ಇದೆ. ಒಂದು ಬಟ್ಟೆ ಮೂರು ತಲೆಮಾರು ಬಾಳುವ ವಿಷಯದಲ್ಲಿ ಅಹಮದಾಬಾದ್ ಕೊಡಗಿನಿಂದ ಕಲಿಯಬೇಕು.

ಆದರೆ ನಾವು ಮಕ್ಕಳಿಗೆ ತೊಡಲು ಕೊಡುತ್ತೇವೆ, ಮುಟ್ಟಲು ಕೊಡುವುದಿಲ್ಲ. ಕೊಡವ ಸೀರೆಯ ನಿರಿಗೆ ಯಾಕೆ ಹಿಂದೆ ಬರುತ್ತದೆ ಅಂತ ಹುಡುಗಿಯೊಬ್ಬಳು ಕೇಳಿದರೆ, ಬಲಮುರಿಯಲ್ಲಿ ಹರಿದು ಹೊರಟ ಕಾವೇರಿಯನ್ನು ಹೆಂಗಸರು ತಡೆದದ್ದು, ನೀರಿನ ರಭಸಕ್ಕೆ ನಿರಿಗೆ ಹಿಂದಕ್ಕೆ ಸರಿದದ್ದು, ಆ ಕಥೆ ಹೇಳುತ್ತೇವೆ. ಚೆಂದದ ಕಥೆ. ಅಲ್ಲಿಗೆ ನಿಲ್ಲಿಸುತ್ತೇವೆ. ಅದನ್ನು ಉಟ್ಟು ಒಂದು ಏರು ಹತ್ತಿ ನೋಡು, ಮುಂದೆ ನಿರಿಗೆ ಇಲ್ಲದಾಗ ಕಾಲು ಹೇಗೆ ಆಡುತ್ತದೆ ನೋಡು, ಸೆರಗು ಬಲ ಭುಜದ ಮೇಲೆ ಪಿನ್ ಆಗಿರುವಾಗ ಕೈಗಳು ಎಷ್ಟು ಬಿಡುವಾಗಿರುತ್ತವೆ ನೋಡು ಅಂತ ಯಾರಾದರೂ ಹೇಳಿದ್ದೇವಾ? ಬಟ್ಟೆಯ ವಿನ್ಯಾಸ ಅಂದರೆ ಇದೇ ಅಲ್ವಾ? ನಮ್ಮ ಗದ್ದೆ, ತೋಟದಲ್ಲಿ ಕೆಲಸದವರು ಹಾಕುವ ಕೊಪ್ಪೆ ನೋಡಿ. ಒಂದು ಕಂಬಳಿ ಅಥವಾ ಪ್ಲಾಸ್ಟಿಕ್ ಹಾಳೆ, ಒಂದು ಮೂಲೆ ಮಡಚಿ ತಲೆಗೆ ಸಿಕ್ಕಿಸಿದರೆ ಮುಗಿಯಿತು. ಹೊಲಿಗೆಯೇ ಇಲ್ಲ, ಆದ್ದರಿಂದ ಹೊಲಿಗೆಯಲ್ಲಿ ಸೋರುವ ಮಾತೂ ಇಲ್ಲ. ಬಾಗಿ ನಾಟಿ ಮಾಡುವ ಬೆನ್ನಿಗೆ ಅಂತಲೇ ಆದದ್ದು. ತಂಗಿಯ ಮಗಳಿಗೆ ರೇನ್‌ಕೋಟಿನ ಬೆನ್ನು ಸಡಿಲ ಮಾಡುವ ಉಪಾಯ ಬಂದದ್ದೂ ಕೊಪ್ಪೆ ನೋಡಿಯೇ.

ದಿನದ ಬಟ್ಟೆಯ ವಿಷಯಕ್ಕೆ ಬಂದರೆ ಕುಶಾಲನಗರ, ಮಡಿಕೇರಿಯ ಹುಡುಗರಿಗೂ ಇಲ್ಲಿನವರಿಗೂ ಜಾಸ್ತಿ ವ್ಯತ್ಯಾಸ ಇಲ್ಲ. ದೊಗಳೆ ಪ್ಯಾಂಟು, ದೊಡ್ಡ ಟೀ ಶರ್ಟು. ಮಡಿಕೇರಿ ಚಳಿಗೆ ಹೂಡಿ ಬೇಕೇ ಬೇಕು, ಅದನ್ನು ಕೊರಿಯಾ ಹುಚ್ಚು ಅಂತ ಬೈಯುವುದು ಅನ್ಯಾಯ. ಕಾವೇರಿ ದಾಟಿದರೆ ಬೈಲಕುಪ್ಪೆ. ಅಲ್ಲಿನ ಟಿಬೆಟನ್ ಹುಡುಗಿಯರು ಹೊಸ ವರ್ಷದ ಲೋಸರ್ ಹಬ್ಬಕ್ಕೆ ಚುಬಾ ಅನ್ನುವ ನಿಲುವಂಗಿ ತೊಟ್ಟು, ಮರುದಿನ ಜೀನ್ಸ್ ಹಾಕಿ ಬರುತ್ತಾರೆ. ಎರಡರಲ್ಲೂ ಆರಾಮವಾಗಿರುತ್ತಾರೆ.

ತಂದೆ ತಾಯಿಗೆ ಒಂದು ವಿಷಯ ಗೊತ್ತಿರಲಿ, ಯಾಕಂದರೆ ಇದರಲ್ಲೇ ನಮ್ಮ ಮಕ್ಕಳು ಸೋಲುತ್ತಿರುವುದು. ಎನ್‌ಐಡಿ, ಮತ್ತೆ ನಿಫ್ಟ್ ಅಂದರೆ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಇವುಗಳ ಪ್ರವೇಶ ಪರೀಕ್ಷೆಗಳು ಸಾಮಾನ್ಯವಾಗಿ ಎರಡನೇ ಪಿಯುಸಿ ಪರೀಕ್ಷೆಗಿಂತ ಮೊದಲೇ ಬರುತ್ತವೆ. ರಿಸಲ್ಟ್ ಬರಲಿ, ಆಮೇಲೆ ನೋಡೋಣ ಅಂದರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ. ನಿಫ್ಟ್‌ನ ಬಿ.ಡಿಸೈನ್‌ಗೆ ಯಾವ ವಿಭಾಗದಲ್ಲಿ ಪಿಯುಸಿ ಮಾಡಿದರೂ ನಡೆಯುತ್ತದೆ. ಬಟ್ಟೆ ತಯಾರಿಕೆಯ ತಂತ್ರಜ್ಞಾನದ ಕೋರ್ಸಿಗೆ ಮಾತ್ರ ಗಣಿತ ಬೇಕು. ಬಿ.ಡಿಸೈನ್‌ಗೆ ಲಿಖಿತ ಪರೀಕ್ಷೆ ಆದ ಮೇಲೆ ಕೈಗೆ ಒಂದಿಷ್ಟು ಸಾಮಾನು ಕೊಟ್ಟು ಏನಾದರೂ ಕಟ್ಟಿ ತೋರಿಸು ಅನ್ನುವ ಪರೀಕ್ಷೆಯೂ ಇದೆ. ಕೊಡೆಯ ಬಟ್ಟೆ, ಮೇಣದ ಬತ್ತಿ ಹಿಡಿದು ಕೂತವಳಿಗೆ ಅದಕ್ಕೆ ಭಯ ಯಾಕೆ? ಫೀಸು ಹೆಚ್ಚು, ಅದು ನಿಜ. ಆಗದವರಿಗೆ ಎಸ್‌ಎಸ್‌ಎಲ್‌ಸಿ ಆದ ಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲಿ ಉಡುಪು ವಿನ್ಯಾಸದ ಮೂರು ವರ್ಷದ ಡಿಪ್ಲೊಮಾ ಇದೆ. ಕೆಲಸ ಅಂದರೆ ರ‍್ಯಾಂಪ್ ಮೇಲೆ ಚಪ್ಪಾಳೆ ಒಂದೇ ಅಲ್ಲ. ಪ್ಯಾಟರ್ನ್ ಕತ್ತರಿಸುವವರು, ನೇಯ್ಗೆ ವಿನ್ಯಾಸ ಮಾಡುವವರು, ಸಿನಿಮಾಕ್ಕೆ ಉಡುಪು ಮಾಡುವವರು, ಶೂ, ಬ್ಯಾಗ್ ಮಾಡುವವರು, ಹೀಗೆ ದಾರಿ ಬೇಕಾದಷ್ಟಿದೆ. ರ‍್ಯಾಂಪೇ ಬೇಕು ಅಂದರೂ ಫ್ಯಾಷನ್ ಶೋಗಳಿಗೆ ಹೆಸರಾದ ಪ್ರಸಾದ್ ಬಿದ್ದಪ್ಪ ನಮ್ಮ ಕೊಡಗಿನವರೇ.

ಟೈಲರ್ ಅನ್ನುವ ಮಾತನ್ನು ಬೈಗುಳದ ಹಾಗೆ ಬಳಸಿದ್ದು ನನಗೆ ಇನ್ನೂ ನೋಯುತ್ತದೆ. ನನ್ನ ಶಾಲೆಯ ಯೂನಿಫಾರ್ಮ್ ಹೊಲಿದವರು ಸಂತೆ ಬೀದಿಯ ಒಬ್ಬ ಟೈಲರ್. ಹುಡುಗ ಬೆಳೀತಾನೆ ಅಂತ ಪ್ಯಾಂಟಿನ ಅಂಚಲ್ಲಿ ಮೂರು ಬೆರಳು ಬಟ್ಟೆ ಒಳಗೆ ಬಿಡುತ್ತಿದ್ದರು. ಪ್ರತಿ ಜೂನ್‌ನಲ್ಲಿ ಅಮ್ಮ ಒಂದು ಬೆರಳಿನಷ್ಟು ಬಿಚ್ಚುತ್ತಿದ್ದಳು.

ಹೋದ ಭಾನುವಾರ ಸಾಬರಮತಿ ದಡದ ಗುಜರಿ ಬಜಾರಿಗೆ ಹೋಗಿದ್ದೆ. ಹಳೇ ಕೈ ಹೊಲಿಗೆ ಯಂತ್ರ ಒಂದು ಸಿಕ್ಕಿತು, ಚಕ್ರ ಚೆನ್ನಾಗಿ ತಿರುಗುತ್ತದೆ. ತಂಗಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಳಿಸು, ಆದರೆ ಅವಳ ಪರೀಕ್ಷೆ ಮುಗಿದ ಮೇಲೆ" ಅಂದಳು. ಪಕ್ಕದಿಂದ ಹುಡುಗಿಯ ದನಿ ಕೇಳಿಸಿತು, "ಮಾವ, ದಪ್ಪ ಬಟ್ಟೆಯ ಸೂಜಿನೂ ಹಾಕಿ ಕಳಿಸಿ. ತಮ್ಮನಿಗೆ ಕೋಟು ಜೂನ್‌ಗೆ ಮುಂಚೆ ಆಗಬೇಕು."