ಮರಕ್ಕೆ ಬೇಕಿರೋದು ನೆಲ, ಕುಂಡ ಅಲ್ಲ

ಬೆಂಗಳೂರಿನ ಮಲ್ಲೇಶ್ವರದಲ್ಲಿ ನಮ್ಮ ಹಳೇ ಮನೆ ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಇದೆ. ಅದರ ಎರಡನೇ ಮಹಡಿಯಲ್ಲಿ ನಾವಿದ್ದೇವೆ. ಮಾಳಿಗೆ ಸೋರುತ್ತಿತ್ತು, ಅಪ್ಪನಿಗೆ ವಯಸ್ಸಾಗಿತ್ತು, ಅಣ್ಣತಮ್ಮಂದಿರ ಪಾಲೂ ಆಗಬೇಕಿತ್ತು. ಜಾಯಿಂಟ್ ಡೆವಲಪ್‌ಮೆಂಟ್‌ಗೆ (ಜಾಗ ನಮ್ಮದು, ಕಟ್ಟೋದು ಬಿಲ್ಡರ್, ಫ್ಲಾಟುಗಳಲ್ಲಿ ಇಬ್ಬರಿಗೂ ಪಾಲು) ಕೊಟ್ಟೆವು. ಕೊಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಊರು ಬೆಳೆಯುವಾಗ ನಡುವಿನ ಬಡಾವಣೆಗಳಲ್ಲಿ ಮೇಲಕ್ಕೆ ಕಟ್ಟಲೇಬೇಕು. ಹೊಸಬರೆಲ್ಲ ಊರಾಚೆ ಮನೆ ಮಾಡಿ ದಿನಕ್ಕೆ ಮೂರು ಗಂಟೆ ಟ್ರಾಫಿಕ್‌ನಲ್ಲಿ ಕೂರಲಿ ಅನ್ನೋಕೆ ನಾನ್ಯಾರು?

ನನ್ನ ಸಂಕಟ ಹಿತ್ತಲಲ್ಲಿದ್ದ ಸಂಪಿಗೆ ಮರದ್ದು. ಅದನ್ನು ಕಡಿಯುವಾಗ ಬಿಲ್ಡರ್ "ಇದರ ಬದಲು ಇನ್ನೊಂದು ಹಾಕಿಕೊಡ್ತೀವಿ" ಅಂದಿದ್ದರು. ಹಾಕಿದರು ಕೂಡ. ಆದರೆ ಹಾಕಿದ್ದು ನೆಲದಲ್ಲಲ್ಲ. ನಮ್ಮ ಸೈಟಿನಲ್ಲಿ ಕಾಂಪೌಂಡಿನಿಂದ ಕಾಂಪೌಂಡಿಗೆ ಎರಡು ಅಂತಸ್ತು ಬೇಸ್‌ಮೆಂಟ್ ತೋಡಿದ್ದಾರೆ. ನಾವು ತೋಟ ಅಂತ ಕರೆಯೋದು ಆ ಬೇಸ್‌ಮೆಂಟಿನ ತಾರಸಿಯನ್ನು. ಸ್ಲ್ಯಾಬ್, ಅದರ ಮೇಲೆ ವಾಟರ್‌ಪ್ರೂಫಿಂಗ್, ಪ್ಲಾಸ್ಟಿಕ್ ಜಾಲರಿ, ಅದರ ಮೇಲೆ ಒಂದೂವರೆ ಅಡಿ ಮಣ್ಣು. ಸಂಪಿಗೆ ಗಿಡ ಎರಡನೇ ಬೇಸಿಗೆಗೆ ಎಲೆಯಂಚು ಸುಟ್ಟುಕೊಂಡಿತು. ಮೇ ತಿಂಗಳ ಗಾಳಿಮಳೆಗೆ ವಾಲಿತು. ಮಾಲಿ ಬಂದು ಎಳೆದ, ಸಲೀಸಾಗಿ ಬಂತು. ಬೇರುಗಳು ಗಿಡ ನೆಟ್ಟ ತೊಟ್ಟಿಯ ಮೂಲೆಮೂಲೆಗೆ ತಿರುಗಿ, ಸುತ್ತಿಕೊಂಡು, ಸಾಬೂನಿನ ಬಿಲ್ಲೆಯ ಹಾಗೆ ಚೌಕವಾಗಿದ್ದವು. ಕೆಳಗೆ ಇಳಿಯಲು ದಾರಿ ಹುಡುಕಿ ಹುಡುಕಿ ಸೋತಿದ್ದು ಎದ್ದು ಕಾಣುತ್ತಿತ್ತು. ನಮ್ಮಮ್ಮ ಅದನ್ನು ನೋಡಿ ಮಾತೇ ಆಡದೆ ಒಳಗೆ ಹೋದರು.

ಈಗ ಅಲ್ಲಿ ಫಾಕ್ಸ್‌ಟೇಲ್ ಪಾಮ್ ಸಾಲು ಮತ್ತು ಮೆಕ್ಸಿಕನ್ ಹುಲ್ಲು. ಬ್ರೋಷರಿನಲ್ಲಿ ಚೆನ್ನಾಗಿ ಕಾಣುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಒಂದು ಮಗು ಕೂತು ಆಡುವಷ್ಟು ನೆರಳಿಲ್ಲ. 2024ರ ಬೇಸಿಗೆ ನೆನಪಿದೆಯಲ್ಲ? ಕುಡಿಯುವ ನೀರನ್ನು ಗಿಡಕ್ಕೆ ಬಿಟ್ಟರೆ ಜಲಮಂಡಳಿ 5,000 ರೂಪಾಯಿ ದಂಡ ಅಂದಿತ್ತು. ಎರಡೇ ವಾರದಲ್ಲಿ ನಮ್ಮ ಹುಲ್ಲು ಚಾಪೆಯ ಹಾಗೆ ಒಣಗಿತು. ಗೇಟಿನಾಚೆ ಫುಟ್‌ಪಾತಿನ ಹೊಂಗೆಗೆ ಯಾರೂ ಒಂದು ಬಿಂದಿಗೆ ನೀರು ಹಾಕಿದವರಲ್ಲ. ಅದು ಅದೇ ಮಾರ್ಚ್‌ನಲ್ಲಿ ತಳತಳ ಹೊಳೆಯುವ ಚಿಗುರು ಬಿಟ್ಟು ನಿಂತಿತ್ತು. ಅದರ ಬೇರು ನೆಲದಲ್ಲಿದೆ, ಅಷ್ಟೇ ವ್ಯತ್ಯಾಸ.

ನಾನು ಪರದೇಶದ ಗಿಡ ಬೇಡ ಅನ್ನುವವನಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಬೀದಿ ಮರಗಳನ್ನು ಆರಿಸಿದವರು. ಈ ಊರು ತನ್ನದೇ ಅಂದುಕೊಂಡಿರುವ ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂದಾ ಮತ್ತು ಮಳೆಮರ ದಕ್ಷಿಣ ಅಮೆರಿಕದವು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ಅವರೆಲ್ಲ ನೆಟ್ಟಿದ್ದು ನೆಲದಲ್ಲಿ. ನಾವು ಮಾತ್ರ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಅಂತ ವಿಳಾಸ ಬರೆಯುತ್ತಾ (ಮಾರ್ಗೋಸಾ ಅಂದರೆ ಬೇವು), ಆ ಮರಗಳು ಬದುಕಲು ನಾಲ್ಕಡಿ ಮಣ್ಣು ಬಿಡದೆ ಮನೆ ಕಟ್ಟುತ್ತಿದ್ದೇವೆ.

ನೀರಿನ ಲೆಕ್ಕ ನೋಡಿ. ಬೆಂಗಳೂರಿಗೆ ವರ್ಷಕ್ಕೆ ಹತ್ತಿರ ಹತ್ತಿರ 970 ಮಿಲಿಮೀಟರ್ ಮಳೆ ಬೀಳುತ್ತದೆ. 60-80 ಅಡಿ ಸೈಟಿನ ಮೇಲೆ ಅದು 4.3 ಲಕ್ಷ ಲೀಟರ್, ಅಂದರೆ 6,000 ಲೀಟರಿನ ಸುಮಾರು 70 ಟ್ಯಾಂಕರ್. ಇಂಗುಗುಂಡಿ ಅಂತ ಒಂದನ್ನು ಮೂಲೆಯಲ್ಲಿ ತೋರಿಸುತ್ತಾರೆ, ಸರಿ. ಉಳಿದ ಜಾಗವೆಲ್ಲ ಸ್ಲ್ಯಾಬ್ ಆದರೆ ಜೋರು ಮಳೆಯ ನೀರು ಎಲ್ಲಿಗೆ ಹೋಗಬೇಕು? ರಸ್ತೆಗೆ, ಮೋರಿಗೆ, ತಗ್ಗಿನಲ್ಲಿರುವವರ ಮನೆಯೊಳಗೆ.

ಕಳೆದ ತಿಂಗಳು ಅಸೋಸಿಯೇಷನ್ ಮೀಟಿಂಗಿನಲ್ಲಿ ಒಬ್ಬರು ಆ ಹೊಂಗೆಯನ್ನೂ ತೆಗೆಸೋಣ ಅಂದರು. ಹೂ ಉದುರಿ ಕಾರು ಗಲೀಜಾಗುತ್ತಂತೆ. ನನಗೆ ಕೋಪ ಬಂತು, ಜೋರಾಗಿಯೇ ಮಾತಾಡಿದೆ. ಆ ಮರದ ಕೆಳಗೆ ಸೊಪ್ಪಿನ ಗಾಡಿಯವಳು ದಿನಾ ಹನ್ನೊಂದರಿಂದ ಮೂರರವರೆಗೆ ನಿಲ್ಲುತ್ತಾಳೆ. ನೆರಳು ಹೋದರೆ ಅವಳ ಸೊಪ್ಪು ಒಂದು ಗಂಟೆಯಲ್ಲಿ ಬಾಡುತ್ತದೆ. ಕಾರಿಗೊಂದು ಕವರ್ ಹಾಕಿಕೊಂಡರಾಯಿತು.

ಹಳೇ ಮನೆ ಬಿಲ್ಡರಿಗೆ ಕೊಡಬೇಕು ಅಂತಿರುವವರಿಗೆ ನನ್ನ ಕೋರಿಕೆ ಇಷ್ಟು. ಟೈಲ್ಸ್ ಯಾವುದು, ಮಾಡ್ಯುಲರ್ ಕಿಚನ್ ಯಾವುದು ಅಂತ ಕೇಳುವ ಮೊದಲು ಬೇಸ್‌ಮೆಂಟ್ ನಕ್ಷೆ ಕೇಳಿ. ಒಂದು ಬದಿಯಲ್ಲಾದರೂ ಎಂಟು ಅಡಿ ಅಗಲದ ಪಟ್ಟಿಯನ್ನು ತೋಡದೆ ಬಿಡಿಸಿ, ಅಗ್ರಿಮೆಂಟಿನಲ್ಲಿ ಬರೆಸಿ. ಬರೆಸದ ಮಾತು ಬಿಲ್ಡರಿಗೆ ನೆನಪಿರೋದಿಲ್ಲ, ನಾನು ಅನುಭವಿಸಿದ್ದೇನೆ. ಮೂರ್ನಾಲ್ಕು ಕಾರಿನ ಜಾಗ ಹೋಗಬಹುದು, ಹೋಗಲಿ. ಅಲ್ಲಿ ಹೊಂಗೆ ಹಾಕಿ, ಸಂಪಿಗೆ ಹಾಕಿ, ಗುಲ್‌ಮೊಹರ್ ಬೇಕಾದರೆ ಅದನ್ನೇ ಹಾಕಿ.

ನಮ್ಮ ಪಕ್ಕದ ಮನೆಯೂ ಮುಂದಿನ ವರ್ಷ ಒಡೆಯುತ್ತಾರೆ. ಅವರ ಹಿತ್ತಲಲ್ಲಿ ಒಂದು ಹಳೇ ಮಾವಿನ ಮರ ಇದೆ. ಆ ಮನೆಯ ಅಜ್ಜಿ ಭಾನುವಾರ ನಕ್ಷೆ ತೋರಿಸ್ತೀನಿ, ಬಾ ಅಂದಿದ್ದಾರೆ. ಟೇಪು, ಪೆನ್ಸಿಲ್ ತೆಗೆದುಕೊಂಡು ಹೋಗುತ್ತಿದ್ದೇನೆ. ಮರ ಇರುವುದು ಕಾಂಪೌಂಡಿನಿಂದ ಆರಡಿ ಒಳಗೆ. ಬೇಸ್‌ಮೆಂಟ್ ಗೋಡೆಯನ್ನು ಎಷ್ಟು ಈಚೆಗೆ ತಂದರೆ ಅದು ಉಳಿಯುತ್ತದೆ ಅಂತ ಅಳೆದು ನೋಡಬೇಕು.