ಬೆಣ್ಣೆ ಮಾರಿದ ದುಡ್ಡಲ್ಲಿ ಕಟ್ಟಿದ ರಂಗಮಂದಿರ

ಲಾರೆನ್ಸ್ ಒಲಿವಿಯೆ, ಪೆಗ್ಗಿ ಆಶ್‌ಕ್ರಾಫ್ಟ್, ರಾಲ್ಫ್ ರಿಚರ್ಡ್‌ಸನ್, ಪಾಲ್ ಸ್ಕೋಫೀಲ್ಡ್. ಬ್ರಿಟನ್ನಿನ ಈ ದೊಡ್ಡ ನಟನಟಿಯರ ಹೆಸರು ಬಂದಾಗೆಲ್ಲ ಜನ ಲಂಡನ್‌ ಕಡೆ ಕೈ ತೋರಿಸುತ್ತಾರೆ. ನನಗೆ ಅದನ್ನು ಕೇಳಿದರೆ ಬೇಜಾರಾಗುತ್ತದೆ. ಇವರೆಲ್ಲ ಚಿಕ್ಕ ವಯಸ್ಸಿನಲ್ಲಿ ಪಳಗಿದ್ದು ಬರ್ಮಿಂಗ್‌ಹ್ಯಾಮ್ ರೆಪರ್ಟರಿ ಥಿಯೇಟರ್‌ನಲ್ಲಿ, ಚಿಕ್ಕದಾಗಿ 'ರೆಪ್'ನಲ್ಲಿ. ಕಾರ್ಖಾನೆಗಳ ಊರಿನಲ್ಲಿ, ರೈಲ್ವೆ ನಿಲ್ದಾಣದ ಪಕ್ಕದ ಸ್ಟೇಷನ್ ಸ್ಟ್ರೀಟ್‌ನಲ್ಲಿ.

ಕಟ್ಟಿಸಿದವರು ಬ್ಯಾರಿ ಜಾಕ್ಸನ್. ಅಪ್ಪ ಮೇಪೋಲ್ ಡೈರಿ ಅಂಗಡಿಗಳ ಮಾಲೀಕ, ಬೆಣ್ಣೆ ಮಾರಿ ಶ್ರೀಮಂತರಾದವರು. ಮಗ ಓದಿದ್ದು ವಾಸ್ತುಶಿಲ್ಪ, ಹುಚ್ಚು ಮಾತ್ರ ನಾಟಕದ್ದು. ಮೊದಲು ಗೆಳೆಯರನ್ನು ಕಟ್ಟಿಕೊಂಡು ಹವ್ಯಾಸಿ ತಂಡ ನಡೆಸಿದರು. ಆಮೇಲೆ 1913ರ ಫೆಬ್ರವರಿಯಲ್ಲಿ ಸ್ವಂತ ದುಡ್ಡಿನ ರಂಗಮಂದಿರ ತೆರೆದು, ಶೇಕ್ಸ್‌ಪಿಯರ್‌ನ 'ಟ್ವೆಲ್ತ್ ನೈಟ್' ಆಡಿಸಿದರು. ಇದ್ದದ್ದು 464 ಸೀಟು ಅಷ್ಟೇ. ಕಾಯಂ ತಂಡ, ಒಂದರ ಹಿಂದೆ ಒಂದು ಹೊಸ ನಾಟಕ. ಇವತ್ತು ರಾಜನಾದವನು ಮುಂದಿನ ನಾಟಕದಲ್ಲಿ ಬಾಗಿಲು ತೆಗೆಯುವ ಆಳು. ನಟನೆ ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಧೈರ್ಯವೂ ಎಂಥದ್ದು ನೋಡಿ. 1923ರಲ್ಲೇ ಶೇಕ್ಸ್‌ಪಿಯರ್‌ನ 'ಸಿಂಬಲೀನ್' ಅನ್ನು ಹಳೇ ಕಾಲದ ವೇಷ ಬಿಟ್ಟು ಆಗಿನ ಜನ ತೊಡುತ್ತಿದ್ದ ಮಾಮೂಲಿ ಉಡುಪಿನಲ್ಲಿ ಆಡಿಸಿದರು. ಅದೇ ವರ್ಷ ಬರ್ನಾರ್ಡ್ ಶಾ ಅವರ 'ಬ್ಯಾಕ್ ಟು ಮೆಥೂಸೆಲಾ'. ಐದು ನಾಟಕಗಳ ಆ ಮಾಲೆಗೆ ಬ್ರಿಟನ್ನಿನ ಬೇರೆ ಯಾರೂ ಕೈ ಹಾಕಿರಲಿಲ್ಲ. 1945ರಲ್ಲಿ ಪೀಟರ್ ಬ್ರೂಕ್ ಎಂಬ ಇಪ್ಪತ್ತು ವರ್ಷದ ಹುಡುಗನಿಗೆ ನಿರ್ದೇಶನ ಕೊಟ್ಟರು, ಮರುವರ್ಷ ಅವನನ್ನೂ ಸ್ಕೋಫೀಲ್ಡ್‌ರನ್ನೂ ಶೇಕ್ಸ್‌ಪಿಯರ್‌ನ ಹುಟ್ಟೂರು ಸ್ಟ್ರಾಟ್‌ಫರ್ಡ್‌ನ ರಂಗಮಂದಿರಕ್ಕೆ ಕರೆದುಕೊಂಡು ಹೋದರು.

ಆದರೆ ಶುರುವಿನ ವರ್ಷಗಳಲ್ಲಿ ಊರಿನವರು ಬರಲಿಲ್ಲ. ಸೀಟು ಖಾಲಿ, ಜಾಕ್ಸನ್ ಜೇಬೂ ಖಾಲಿಯಾಗುತ್ತಾ ಬಂತು. 1924ರಲ್ಲಿ ಬೇಸತ್ತು ಬಾಗಿಲು ಹಾಕಿಯೇಬಿಟ್ಟರು. ಆಗ ಎಚ್ಚರವಾಯಿತು ಜನಕ್ಕೆ! ಊರಿನ ನಾಗರಿಕರ ಸಂಘವಾದ ಸಿವಿಕ್ ಸೊಸೈಟಿಯವರು ಓಡಾಡಿ 4,000 ಸೀಸನ್ ಟಿಕೆಟ್‌ಗಳ ಭರವಸೆ ಕೊಟ್ಟ ಮೇಲೆ ಮತ್ತೆ ತೆರೆಯಿತು. ನನಗೆ ಈ ಇಡೀ ಚರಿತ್ರೆಯಲ್ಲಿ ಒಲಿವಿಯೆಗಿಂತ ದೊಡ್ಡವರಾಗಿ ಕಾಣುವುದು ಆ ಟಿಕೆಟ್ ಕೊಂಡ ಸಾಮಾನ್ಯ ಜನ. 1935ರಲ್ಲಿ ಜಾಕ್ಸನ್ ಎಲ್ಲವನ್ನೂ ಟ್ರಸ್ಟ್‌ಗೆ ಬರೆದುಕೊಟ್ಟರು. 1971ರಲ್ಲಿ ಬ್ರಾಡ್ ಸ್ಟ್ರೀಟ್‌ನ ದೊಡ್ಡ ಕಟ್ಟಡಕ್ಕೆ ತಂಡ ಹೋಯಿತು, ಹಳೆಯದು 'ಓಲ್ಡ್ ರೆಪ್' ಆಗಿ ಉಳಿಯಿತು.

ಈಗಿನ ಕಥೆ ಸಂಕಟದ್ದು. 2023ರಲ್ಲಿ ಬರ್ಮಿಂಗ್‌ಹ್ಯಾಮ್ ನಗರಸಭೆ ಕೈಯಲ್ಲಿ ಕಾಸಿಲ್ಲ ಎಂದು ಘೋಷಿಸಿತು. ಮರುವರ್ಷ ರೆಪ್ ಸೇರಿದಂತೆ ದೊಡ್ಡ ಕಲಾಸಂಸ್ಥೆಗಳ ಅನುದಾನ ಅರ್ಧಕ್ಕಿಳಿಸಿ, ಅದರ ಮುಂದಿನ ವರ್ಷ ಪೂರ್ತಿ ನಿಲ್ಲಿಸುವುದಾಗಿ ತೀರ್ಮಾನಿಸಿತು. ನಗರಸಭೆಯ ಲೆಕ್ಕ ತಪ್ಪಿದ್ದಕ್ಕೆ ನಾಟಕದವರು ಯಾಕೆ ದಂಡ ಕಟ್ಟಬೇಕು? ಟಿಕೆಟ್ ಮಾರಿಯೇ ಬದುಕಿ ಅಂದರೆ ಗ್ಯಾರಂಟಿ ಓಡುವ ನಾಟಕಗಳೇ ಉಳಿಯೋದು ಅಲ್ವಾ? ಇಪ್ಪತ್ತರ ಹುಡುಗನ ಕೈಗೆ ರಂಗ ಕೊಡೋರು ಯಾರು?

ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಇರುವ ಕನ್ನಡದ ಗೆಳೆಯರೇ, ಲಂಡನ್‌ಗೆ ಹೋಗಿ ದುಬಾರಿ ಮ್ಯೂಸಿಕಲ್ ನೋಡುವ ಮೊದಲು ಒಂದು ಸಂಜೆ ನಿಮ್ಮೂರಿನ ರೆಪ್‌ಗೆ ಹೋಗಿ. ಹೆಸರು ಕೇಳಿರದ ಹೊಸ ನಾಟಕಕ್ಕೇ ಟಿಕೆಟ್ ತಗೊಳ್ಳಿ.