ಸಿಇಟಿ ಸೀಟು ಕೊಡುವಾಗ ಎಲ್ಲಿ ಓದಿದ್ದೀಯ ಅಂತ ಕೇಳಬೇಕಾ?

ಪರ

ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮಾಧ್ಯಮ. ಪಿಯುಸಿಗೆ ಪೇಟೆ ಸೇರಿದ ಮೊದಲ ವಾರವೇ ಫಿಸಿಕ್ಸ್ ಮೇಷ್ಟ್ರು ನನ್ನನ್ನು ಎಬ್ಬಿಸಿ, 'ಆಕ್ಸಲರೇಷನ್ ಅಂದ್ರೇನು?' ಎಂದರು. ಬಾಯೇ ಬರಲಿಲ್ಲ. ಇಡೀ ಕ್ಲಾಸು ನಕ್ಕಿತು. ಸಂಜೆ ಹಾಸ್ಟೆಲಿನಲ್ಲಿ ಡಿಕ್ಷನರಿ ತೆಗೆದರೆ, ಅಯ್ಯೋ, ಅದು ನಮ್ಮ ವೇಗೋತ್ಕರ್ಷ! ಸೂತ್ರ, ಏಕಮಾನ, ಲೆಕ್ಕ ಎಲ್ಲ ಬರುತ್ತಿತ್ತು. ಹೆಸರು ಮಾತ್ರ ಗೊತ್ತಿರಲಿಲ್ಲ. ಪಿಯುಸಿಯ ಮೊದಲ ಆರು ತಿಂಗಳು ಹೀಗೆ ಹೆಸರು ಬದಲಾಯಿಸಿಕೊಳ್ಳುವುದರಲ್ಲೇ ಹೋಯಿತು.

ಆಮೇಲೆ ಸಿಇಟಿ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 180 ಪ್ರಶ್ನೆ. ಕಳೆದುಹೋದ ಆ ಆರು ತಿಂಗಳನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಇಟ್ಟಿರುವುದು ಅದಕ್ಕೇ. ಇದನ್ನು ಭಿಕ್ಷೆ ಅನ್ನುವವರಿದ್ದಾರೆ. ಬಾಯಿಬಿಟ್ಟರೆ ಮೆರಿಟ್ ಅನ್ನುವ ಇವರ ಮಕ್ಕಳು ಎಂಟನೇ ಕ್ಲಾಸಿನಿಂದಲೇ ಕೋಚಿಂಗಿನಲ್ಲಿರುತ್ತಾರೆ. ಸುಳ್ಳು ಸರ್ಟಿಫಿಕೇಟ್ ತರುತ್ತಾರೆ ಅಂತೀರಾ? ಸುಳ್ಳು ಬಿಪಿಎಲ್ ಕಾರ್ಡೂ ಮಾಡಿಸುತ್ತಾರೆ. ಹಾಗಂತ ರೇಷನ್ ಅಂಗಡಿ ಮುಚ್ಚಿದ್ದೇವಾ?

ನನಗೆ ಸೀಟು ಸಿಕ್ಕಿದ್ದು ಕನ್ನಡ ಮಾಧ್ಯಮದ ಕೋಟಾದಲ್ಲೇ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಮ್ಯಾಥ್ಸ್ ಹೋಯಿತು. ಮೂರನೆಯದಕ್ಕೆ ಬರುವಾಗ ಅದೇ ಮ್ಯಾಥ್ಸನ್ನು ರೂಮ್‌ಮೇಟ್‌ಗೆ ಹೇಳಿಕೊಡುತ್ತಿದ್ದೆ. ಅವನು ಜನರಲ್ ಮೆರಿಟ್.

ವಿರೋಧ

'ನೀವು ವಿರೋಧ ಬರೀರಿ' ಅಂದರು, ಬರೆಯುತ್ತಿದ್ದೇನೆ. ಹಳ್ಳಿ ಮಕ್ಕಳ ಮೇಲೆ ನನಗೇನೂ ಸಿಟ್ಟಿಲ್ಲ. ತಕರಾರು ಇರುವುದು 'ಹಳ್ಳಿ' ಅನ್ನುವ ಪದದ ಮೇಲೆ.

ಪೇಟೆಯ ಗಡಿ ದಾಟಿ ಪಂಚಾಯಿತಿ ಜಾಗದಲ್ಲಿದ್ದರೆ ಸಾಕು, ಶಾಲೆ ಗ್ರಾಮೀಣ. ನಮ್ಮ ಸಂಬಂಧಿಕರ ಹುಡುಗನೊಬ್ಬ ಅಂಥ ಕಡೆ ಓದಿದ. ಏಸಿ ಬಸ್ಸು, ಈಜುಕೊಳ, ಸವಾರಿಗೆ ಕುದುರೆ. ಹಸು ಕಂಡಿದ್ದು ಬಸ್ಸಿನ ಕಿಟಕಿಯಿಂದ. ಅಪ್ಪನಿಗೆ ಎರಡು ಕಾರು, ಆದಾಯ ಪ್ರಮಾಣಪತ್ರದಲ್ಲಿ ಮಾತ್ರ ಬಡವ. ಹೆಡ್‌ಮಾಸ್ಟರ್ ಸಹಿ, ಬಿಇಒ ಸಹಿ ಬಿದ್ದ ಮೇಲೆ ಹುಡುಗ ಹಳ್ಳಿ ಹೈದನಾದ! ಪೇಟೆಯೊಳಗಿನ ಸರ್ಕಾರಿ ಉರ್ದು ಶಾಲೆಯಲ್ಲಿ ಓದಿದ ಆಟೊ ಡ್ರೈವರ್ ಮಗಳಿಗೆ ಗ್ರಾಮೀಣ ಕೋಟಾನೂ ಇಲ್ಲ, ಕನ್ನಡ ಮಾಧ್ಯಮದ್ದೂ ಇಲ್ಲ.

ತಮಿಳುನಾಡು 2020ರಲ್ಲಿ ಶೇ 7.5 ಮೆಡಿಕಲ್ ಸೀಟನ್ನು ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಇಟ್ಟಿತು. ಹಳ್ಳಿಯೋ ಪೇಟೆಯೋ ಅಂತ ಅಲ್ಲಿ ಕೇಳುವುದಿಲ್ಲ. ಹಾಗೆ ಮಾಡಿದರೆ ನನ್ನದೇನೂ ಅಡ್ಡಿಯಿಲ್ಲ. ವಿರೋಧ ಬರೆಯಲು ಕೂತು ಇನ್ನೊಂದು ಕೋಟಾ ಕೇಳಿದ ಹಾಗಾಯಿತು, ಅಲ್ವಾ? ಇರಲಿ. ಕನ್ನಡ ಮಾಧ್ಯಮದ ಶೇ 5ರ ತಂಟೆಗಂತೂ ನಾನು ಹೋಗುವುದಿಲ್ಲ.